ಮಂಚ-ತೊಟ್ಟಿಲುಗಳ ಬಣ್ಣದ ಚರಿತ್ರೆ

ನಮ್ಮ ನಾಡಿನ ಚರಿತ್ರೆಯನ್ನು ಬರೆದ ಪಂಡಿತರು ಕೋಟೆ ಕೊತ್ತಲಗಳನ್ನೂ ದೇವಾಲಯಗಳನ್ನೂ ಶಿಲಾಶಾಸನಗಳನ್ನೂ ಶೋಧಿಸಿದಷ್ಟು ಶ್ರದ್ಧೆಯಿಂದ ಮನೆಯೊಳಗಣ ಮರದ ಸಾಮಾನುಗಳನ್ನು ಶೋಧಿಸಿದವರಲ್ಲ. ಅವರನ್ನು ದೂರುವಂತೆಯೂ ಇಲ್ಲ. ಕಲ್ಲು ಸಾವಿರ ವರ್ಷ ನಿಲ್ಲುವುದು. ಮರವಾದರೋ ಗೆದ್ದಲಿಗೆ, ಒಲೆಗೆ, ಅಣ್ಣತಮ್ಮಂದಿರ ಪಾಲುಪಟ್ಟಿಗೆ ತುತ್ತಾಗಿ ಮೂರು ತಲೆಮಾರುಗಳೊಳಗಾಗಿ ಮಾಯವಾಗುವುದು. ಉಳಿದ ಅಲ್ಪಸ್ವಲ್ಪವೂ ಅಟ್ಟದ ಮೇಲೆ ಧೂಳು ಹೊತ್ತು ಕುಳಿತಿರುವುದು. ಅಲ್ಲಿಂದ ಅದನ್ನು ಕೆಳಗಿಳಿಸುವ ಸಂದರ್ಭಗಳು ಎರಡೇ: ಮನೆಯಲ್ಲಿ ಮದುವೆ, ಇಲ್ಲವೆ ಮನೆಯಲ್ಲಿ ಮಗು.

ನಮ್ಮ ಮನೆಯಲ್ಲಿ ಇಂಥ ಸಂದರ್ಭವೊಂದು ಈಚೆಗೆ ಒದಗಿಬಂದುದೇ ಈ ಲೇಖನಕ್ಕೆ ಕಾರಣ. ತಮ್ಮನ ಮಗಳ ಮಗುವಿನ ನಾಮಕರಣಕ್ಕೆಂದು ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿದೆವು. ಅದು ನಮ್ಮ ಅಜ್ಜಿಯ ಚೊಚ್ಚಲ ಬಾಣಂತನದಲ್ಲಿ ಆಕೆಯ ತವರುಮನೆಯವರು ಕಲಘಟಗಿಯಲ್ಲಿ ಮಾಡಿಸಿ ತಂದದ್ದೆಂದು ಮನೆಯ ಹಿರಿಯರ ಮಾತು. ಆದರೆ ನಾನು ಬಲ್ಲಂದಿನಿಂದ ಅದರ ಮೈಗೆ ಇದ್ದುದು ಒಂದೇ ಬಣ್ಣ. ಬಾಗಿಲು ಕಿಟಕಿಗಳಿಗೆ ಹಚ್ಚುವ ಕಡುಹಸುರು ಎಣ್ಣೆಬಣ್ಣ. 1960ರ ದಶಕದಲ್ಲಿ ಯಾವುದೋ ಶುಭಕಾರ್ಯಕ್ಕೆ ಮನೆಗೆ ಬಣ್ಣ ಹಚ್ಚಿಸಿದಾಗ, ಡಬ್ಬದಲ್ಲಿ ಉಳಿದ ಬಣ್ಣ ಹಾಳಾಗಬಾರದೆಂದು ತೊಟ್ಟಿಲಿಗೂ ಬಳಿಸಿದರಂತೆ. ಈ ಸಲ ಅದಕ್ಕೆ ಬಿಳಿಯ ಬಣ್ಣವನ್ನು ಹಚ್ಚಿಸಿ ಹೊಸದಾಗಿ ಕಾಣುವಂತೆ ಮಾಡೋಣವೆಂದು ಮಕ್ಕಳು ಉತ್ಸಾಹದಿಂದ ಉಜ್ಜುಕಾಗದವನ್ನು ಕೊಂಡುತಂದರು. ತೊಟ್ಟಿಲನ್ನು ತಿರುಗಿಸಿ ನೋಡುವಾಗ ಒಂದು ಮೂಲೆಯಲ್ಲಿ ಹಸುರು ಚಕ್ಕೆಯೆದ್ದು, ಅದರ ಕೆಳಗೆ ರಕ್ತವರ್ಣದ ನೆಲದ ಮೇಲೆ ಹಳದಿಯ ಗೆರೆಯಲ್ಲಿ ಬರೆದ ನವಿಲುಗರಿಯ ಒಂದು ಕಣ್ಣು ಕಾಣಿಸಿತು. ಉಜ್ಜುಕಾಗದವನ್ನು ಕೆಳಗಿಡಲು ಹೇಳಿದೆನು. ಹೇಳಿದ ಮೇಲೆ ಕಾರಣವನ್ನೂ ಕೊಡಬೇಕಾಯಿತು. ಆ ಕಾರಣವನ್ನು ಹುಡುಕುತ್ತ ಹೋದಾಗ ದೊರೆತ ಸಂಗತಿಗಳನ್ನು ವಾಚಕರ ಮುಂದಿಡುವೆನು.

ಮರಕ್ಕೆ ಬಣ್ಣವನ್ನೇಕೆ ಹಚ್ಚುವರು? ಮಳೆ ಬಿಸಿಲುಗಳಿಂದ ಕಾಪಾಡುವುದಕ್ಕೆಂದರೆ ಬಾಗಿಲಿನ ಮಟ್ಟಿಗೆ ಸರಿ. ಮಲಗುವ ಕೋಣೆಯ ಮಂಚಕ್ಕೆ ಮಳೆಯೆಲ್ಲಿಂದ ಬರಬೇಕು? ಒಳಮನೆಯ ಸಾಮಾನಿಗೆ ಬಣ್ಣ ಹಚ್ಚಿದ್ದರ ಕಾರಣಗಳು ಬೇರೆ. ಒಂದು, ಅಗ್ಗದ ಮರವನ್ನು ಮರೆಮಾಡುವುದು. ಇನ್ನೊಂದು, ದೂರದೇಶದ ಬೆಲೆಬಾಳುವ ವಸ್ತುವನ್ನು ಅನುಕರಿಸುವುದು. ಇವೆರಡಕ್ಕಿಂತಲೂ ಪ್ರಾಚೀನವಾದುದು ಮಂಗಳದ ಕಾರಣ. ಮದುವಣಗಿತ್ತಿಯ ಮಂಚವೂ ಹಸುಗೂಸಿನ ತೊಟ್ಟಿಲೂ ಬರಿಯ ಮರವಾಗಿರಕೂಡದು, ಬೋಳು ಹಣೆಯಂತೆ ಕಾಣುವುದೆಂಬ ಭಾವನೆ ನಮ್ಮಲ್ಲಿ ಮಾತ್ರವಲ್ಲದೆ ಯುರೋಪಿನ ಹಳ್ಳಿಗರಲ್ಲಿಯೂ ಇದ್ದಿತು.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನು (ಆಳಿಕೆ 1126-1138) ಬರೆದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವು ಈ ವಿಷಯದಲ್ಲಿ ನಮಗೆ ದೊಡ್ಡ ಆಧಾರ. ‘ಅಭಿಲಷಿತಾರ್ಥ ಚಿಂತಾಮಣಿ’ಯೆಂದೂ ಹೆಸರಾದ ಈ ಗ್ರಂಥದಲ್ಲಿ ರಾಜನು ಅನುಭವಿಸತಕ್ಕ ಭೋಗಗಳನ್ನು ಎಣಿಸುವಾಗ ಶಯ್ಯೆಗೊಂದು, ಆಸನಕ್ಕೊಂದು ಬೇರೆ ಬೇರೆ ಪ್ರಕರಣಗಳನ್ನೇ ಮೀಸಲಿಟ್ಟಿದ್ದಾನೆ. ರಾಜ್ಯಭಾರದ ಮಧ್ಯದಲ್ಲಿ ಇಷ್ಟು ಸೂಕ್ಷ್ಮವಾಗಿ ಮಂಚವನ್ನು ಕುರಿತು ಯೋಚಿಸಿದ ದೊರೆಯು ಸುಖವಾಗಿ ನಿದ್ರಿಸಿದನೋ ಇಲ್ಲವೋ, ನಾವರಿಯೆವು. ಚಿತ್ರಕರ್ಮದ ಭಾಗದಲ್ಲಿ ಆತನು ಹೇಳುವ ವಿಧಾನಗಳು ಮಾತ್ರ ಕೈಕೆಲಸದವನೊಬ್ಬನು ಹೇಳಿದಂತಿವೆ. ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಂತಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಟ್ಟುಕೊಂಡು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿ ಬಣ್ಣಕ್ಕೆ ಸೇರಿಸಬೇಕು. ಇದಕ್ಕೆ ವಜ್ರಲೇಪವೆಂದು ಹೆಸರು. ಬಿಳುಪಿಗೆ ಶಂಖ, ಕೆಂಪಿಗೆ ಇಂಗಲೀಕ, ರಕ್ತವರ್ಣಕ್ಕೆ ಅರಗಿನ ರಸ, ಕಾವಿಯ ಬಣ್ಣಕ್ಕೆ ಗೈರಿಕ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಈ ಪಟ್ಟಿಯಲ್ಲಿ ಇಂಗಲೀಕವು ಪಾದರಸದ ಸಂಯುಕ್ತ, ಹರಿತಾಳವು ಪಾಷಾಣದ ಸಂಯುಕ್ತ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಹಳೆಯದೆಲ್ಲವೂ ಹಾಲಿನಂತೆ ನಿರ್ದೋಷವೆಂದು ನಂಬುವ ಚಪಲವು ಈಗ ಹೆಚ್ಚಾಗಿದೆ. ಅದಕ್ಕೆ ನಾನು ಒಪ್ಪಲಾರೆನು.

ಆ ಪಟ್ಟಿಯಲ್ಲಿ ನಮ್ಮ ಕಥೆಗೆ ಮುಖ್ಯವಾದುದು ಅರಗು. ಪಾಂಡವರನ್ನು ಸುಡುವುದಕ್ಕೆಂದು ಕಟ್ಟಿಸಿದ ಅರಗಿನ ಮನೆಯ ಕಥೆಯಿಂದ ಎಲ್ಲರಿಗೂ ಪರಿಚಿತವಾದ ಈ ದ್ರವ್ಯವು ಮರದ ಅಂಟಲ್ಲ. ಒಂದು ಬಗೆಯ ಅತಿಸಣ್ಣ ಹುಳುವು ಮುತ್ತುಗ, ಬೋರೆ, ಕುಸುಮ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ಕುಳಿತು ರಸವನ್ನು ಹೀರಿ, ತನ್ನ ಮೈಸುತ್ತಲೂ ಸ್ರವಿಸುವ ಗೂಡು. ರೆಂಬೆಗಳಿಂದ ಕೆತ್ತಿ ತೆಗೆದ ಅರಗನ್ನು ಕುಟ್ಟಿ ತೊಳೆದರೆ ಕೆಂಪು ಬಣ್ಣ ನೀರಿಗಿಳಿಯುವುದು. ಉಳಿದ ಕಾಳನ್ನು ಉದ್ದನೆಯ ಬಟ್ಟೆಯ ಚೀಲದಲ್ಲಿ ತುಂಬಿ, ಕೆಂಡದ ಮುಂದೆ ಹಿಡಿದು ಹಿಂಡಿದರೆ ಕರಗಿದ ಅರಗು ಹೊರಬರುವುದು. ಅದನ್ನು ಬಿಸಿಯಿರುವಾಗಲೇ ಕೈಕಾಲುಗಳಿಂದ ಎಳೆದು ಹಾಳೆಯಾಗಿ ಹರಡುವರು. ಸಂಸ್ಕೃತದ ‘ಲಾಕ್ಷಾ’ ಎಂಬ ಮಾತೇ ಹಿಂದಿಯ ‘ಲಾಖ್’ ಆಗಿ, ಹಡಗನ್ನೇರಿ ಯುರೋಪಿಗೆ ಹೋಗಿ ಅಲ್ಲಿ ‘ಲ್ಯಾಕ್’, ‘ಲ್ಯಾಕರ್’ ಎಂದಾಯಿತು. ಈ ದ್ರವ್ಯದ ಸಂಶೋಧನೆಗಾಗಿ ರಾಂಚಿಯ ಬಳಿಯ ನಾಮಕುಮಿನಲ್ಲಿ 1924ರಲ್ಲಿ ಒಂದು ಸಂಸ್ಥೆಯೇ ಸ್ಥಾಪಿತವಾಯಿತು. ಗ್ರಾಮಫೋನಿನ ಹಳೆಯ ತಟ್ಟೆಗಳಲ್ಲಿ ಇದ್ದುದೂ ಇದೇ ಅರಗು.

ಅರಗಿನ ಬಣ್ಣವನ್ನು ಮರಕ್ಕೆ ಹಚ್ಚುವ ಕೆಲಸವು ಕುಂಚದ ಕೆಲಸವಲ್ಲ, ಬಿಸಿಯ ಕೆಲಸ. ಚನ್ನಪಟ್ಟಣದ ಚರಕಿಯ ಕೆಲಸವನ್ನು ನೋಡಿದವರಿಗೆ ಇದು ಹೊಸತಲ್ಲ. ಬಣ್ಣ ಕೂಡಿಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿಹಿಡಿದರೆ ಘರ್ಷಣೆಯ ಬಿಸಿಯಿಂದಲೇ ಅರಗು ಕರಗಿ ಮರವನ್ನು ಹಿಡಿಯುವುದು. ಬಳಿಕ ಕೇದಗೆಯ ಗರಿಯನ್ನು ಒತ್ತಿ ಉಜ್ಜಿದರೆ ಕನ್ನಡಿಯಂಥ ಹೊಳಪು ಬರುವುದು. ಗುಜರಾತಿನ ಸಂಖೇಡಾ ಎಂಬ ಊರಿನ ಖರಾದಿಗಳು ಇದೇ ಬಗೆಯಲ್ಲಿ ತೂಗುಮಂಚ, ತೊಟ್ಟಿಲು, ಪೀಠಗಳನ್ನು ಮಾಡುವರು. ತವರವನ್ನು ನುಣ್ಣಗೆ ಕುಟ್ಟಿ ಸರೇಸಿನಲ್ಲಿ ಕಲಸಿ ಮರದ ಮೇಲೆ ಬಳ್ಳಿಗಳನ್ನು ಬರೆದು, ಅದರ ಮೇಲೆ ಅರಗನ್ನು ಎಳೆದಾಗ ಬೆಳ್ಳಗಿದ್ದ ಗೆರೆಯು ಬಂಗಾರದ ಗೆರೆಯಾಗಿ ತೋರುವುದು. ಬಡವನ ಮನೆಗೆ ಚಿನ್ನವನ್ನು ತರುವ ಉಪಾಯವಿದು. ನಮ್ಮ ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರೂ ತವರವನ್ನೇ ಕುಟ್ಟಿ ಕರಗಿಸಿ ‘ಲಾಜವಾರ’ವೆಂಬ ಹೊಳಪನ್ನು ಕೊಡುವರು. ಹುಣಿಸೆಯ ಬೀಜದ ಅಂಟಿನಿಂದ ಮರದ ತುಂಡುಗಳನ್ನು ಕೂಡಿಸಿ, ಅಂಟಿನ ಲೇಪದಿಂದಲೇ ಆಭರಣಗಳನ್ನು ಉಬ್ಬಿಸಿ ಬರೆಯುವ ಇವರ ಪೂರ್ವಿಕರು ವಿಜಯನಗರದ ಕಾಲದಲ್ಲಿ ಹಂಪೆಯಲ್ಲಿ ಕೆಲಸ ಮಾಡಿದವರೆಂದು ಪ್ರತೀತಿಯಿದೆ. ನಮ್ಮ ಗಡಿಯಾಚೆಯ ಸಾವಂತವಾಡಿಯಲ್ಲಿ ಗಂಜೀಫದ ಎಲೆಗಳನ್ನು ಬರೆಯುತ್ತಿದ್ದ ಕೈಗಳೇ ಮಂಚ ಮಣೆಗಳಿಗೂ ಅರಗಿನ ಚಿತ್ರವನ್ನು ಬರೆದವು; ಅಳಿಯುತ್ತ ಬಂದ ಆ ಕಲೆಯನ್ನು 1970ರ ದಶಕದಲ್ಲಿ ಅಲ್ಲಿಯ ಅರಮನೆಯವರೇ ಮುಂದೆ ನಿಂತು ಉಳಿಸಿಕೊಂಡರು.

ಕಲಘಟಗಿಯ ತೊಟ್ಟಿಲು ಈ ಕುಲಕ್ಕೆ ಸೇರಿದುದು. ಧಾರವಾಡ ಜಿಲ್ಲೆಯ ಈ ಊರಿನ ತೊಟ್ಟಿಲು ಹೆಣ್ಣುಮಕ್ಕಳ ಜೋಗುಳದ ಹಾಡುಗಳಲ್ಲಿ ಹೆಸರಾಗಿರುವಷ್ಟು ಪಂಡಿತರ ಗ್ರಂಥಗಳಲ್ಲಿ ಹೆಸರಾಗಿಲ್ಲ. ಸಾಗುವಾನಿ ಮರದ ಚೌಕಟ್ಟು, ಚರಕಿಯಲ್ಲಿ ತಿರುವಿದ ಕಂಬಿಗಳು, ಹಲಗೆಗಳ ಮೇಲೆ ರಾಮಾಯಣ ಭಾರತಗಳ ಸನ್ನಿವೇಶಗಳು, ಬಾಲಕೃಷ್ಣನ ಲೀಲೆಗಳು, ಬಳ್ಳಿ ಹೂ ಗಿಳಿ ನವಿಲು. ನಡುವೆ ಕೆಂಪು, ಹಳದಿ, ಹಸುರಿನ ತುಂಬುನೆಲ. ಇದರಲ್ಲಿ ಬಣ್ಣವು ಮರದ ಮೇಲೆ ಹೊದಿಸಿದ ಬಟ್ಟೆಯಂತಿರದೆ ಚರ್ಮದಂತೆ ಕೂಡಿಕೊಂಡಿರುವುದು. ನೀರಿಗೆ ಅಂಜುವುದಿಲ್ಲ, ಮಗುವಿನ ಎಣ್ಣೆ ಬೆವರುಗಳಿಗೆ ಅಂಜುವುದಿಲ್ಲ, ಒರಸಿದಷ್ಟೂ ಹೊಳೆಯುವುದು. ಆದುದರಿಂದಲೇ ಒಂದು ಮನೆಯ ತೊಟ್ಟಿಲು ನೆಂಟರಿಷ್ಟರ ಹತ್ತು ಮನೆಗಳನ್ನು ಸುತ್ತಿ, ಹತ್ತಾರು ಮಕ್ಕಳನ್ನು ತೂಗಿ ಮತ್ತೆ ಮನೆಗೆ ಮರಳುತ್ತಿದ್ದಿತು. ಹೀಗೆ ಕೂಸಿನ ಕಣ್ಣಿಗೆ ಮೊದಲು ಬೀಳುವ ಚಿತ್ರಶಾಲೆಯು ಅದರ ತೊಟ್ಟಿಲೇ ಆಗಿದ್ದಿತೆಂದರೆ ಅತಿಶಯೋಕ್ತಿಯಾಗದು. ಚಿತ್ರವು ಹೊರಮೈಯಲ್ಲಿದ್ದುದರಿಂದ ಅದನ್ನು ನೋಡುತ್ತಿದ್ದವರು ತೂಗುವವರೇ ಹೊರತು ಮಲಗಿದ ಮಗುವಲ್ಲವೆಂದು ನನ್ನ ಪತ್ನಿಯು ತಿದ್ದುವಳು; ಆಕೆಯ ಮಾತೂ ನ್ಯಾಯವಾದುದೇ.

ಇನ್ನು ಯುರೋಪಿನ ಕಡೆಗೆ ತಿರುಗುವೆನು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ 15ನೆಯ ಶತಮಾನದಲ್ಲಿ ಸಿರಿವಂತರ ಮದುವೆಗೆ ‘ಕಸ್ಸೋನೆ’ ಎಂಬ ದೊಡ್ಡ ಮರದ ಪೆಟ್ಟಿಗೆಗಳನ್ನು ಮಾಡಿಸಿ, ಅವುಗಳ ಮೈಮೇಲೆ ಪುರಾಣಕಥೆಗಳನ್ನು ಬರೆಯಿಸಿ ಮಲಗುವ ಕೋಣೆಯಲ್ಲಿ ಇಡುತ್ತಿದ್ದರು. ಚಿತ್ರಕಾರರ ಚರಿತ್ರೆಯನ್ನು 1550ರಲ್ಲಿ ಪ್ರಕಟಿಸಿದ ವಸಾರಿಯು, ಒಳ್ಳೊಳ್ಳೆಯ ಚಿತ್ರಕಾರರೇ ನಾಚಿಕೆಯಿಲ್ಲದೆ ಈ ಪೆಟ್ಟಿಗೆ ಮಂಚಗಳ ಕೆಲಸವನ್ನು ಮಾಡುತ್ತಿದ್ದರೆಂದು ಬರೆದಿದ್ದಾನೆ. ಆತನ ಕಾಲಕ್ಕಾಗಲೇ ಅವು ಹಳೆಯ ರೂಢಿಯಾಗಿದ್ದುವು. ಮುಂದೆ 19ನೆಯ ಶತಮಾನದಲ್ಲಿ ಇಂಥ ಪೆಟ್ಟಿಗೆಗಳ ಚಿತ್ರದ ಹಲಗೆಗಳಿಗೆ ಬೆಲೆ ಬಂದಾಗ ವ್ಯಾಪಾರಿಗಳು ಅವುಗಳನ್ನು ಗರಗಸದಿಂದ ಕೊಯ್ದು ತೆಗೆದು, ಚೌಕಟ್ಟು ಹಾಕಿ ಗೋಡೆಯ ಪಟಗಳಾಗಿ ಮಾರಿದರು. ನಮ್ಮಲ್ಲಿ ಚಿತ್ರವನ್ನು ಮರೆತು ಮರವನ್ನು ಉಳಿಸಿಕೊಂಡೆವು; ಅಲ್ಲಿ ಮರವನ್ನು ಮರೆತು ಚಿತ್ರವನ್ನು ಉಳಿಸಿಕೊಂಡರು. ಯಾವುದು ಹೆಚ್ಚಿನ ಅಪರಾಧವೆಂದು ತೀರ್ಪು ಕೊಡುವುದು ಸುಲಭವಲ್ಲ.

17ನೆಯ ಶತಮಾನದಲ್ಲಿ ಚೀನಾ ಜಪಾನುಗಳಿಂದ ಕಪ್ಪು ಮತ್ತು ಚಿನ್ನದ ಹೊಳಪಿನ ಪೆಟ್ಟಿಗೆ ಬೀರುಗಳು ಹಡಗುಗಳಲ್ಲಿ ಬರತೊಡಗಿದಾಗ ಯುರೋಪಿನ ಶ್ರೀಮಂತರಿಗೆ ಅದೊಂದು ಹುಚ್ಚೇ ಹಿಡಿಯಿತು. ಆ ಹೊಳಪು ಅಲ್ಲಿಯ ಒಂದು ಮರದ ಹಾಲಿನಿಂದ ಆಗತಕ್ಕುದು. ಆ ಹಾಲು ಚರ್ಮವನ್ನು ಸುಡುವಂಥದು, ದೂರದ ಪ್ರಯಾಣವನ್ನು ತಾಳಲಾರದು. ಆಗ ಯುರೋಪಿನವರು ಅದಕ್ಕೆ ಬದಲಾಗಿ ಹಿಡಿದುದು ಭಾರತದ ಅರಗನ್ನು. 1688ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು ಈ ‘ಜಪಾನಿಂಗ್’ ವಿದ್ಯೆಯ ಮೇಲೊಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಮದ್ಯಸಾರದಲ್ಲಿ ಕಾಳರಗನ್ನು ಕರಗಿಸಿ, ಸೋಸಿ, ಮರಕ್ಕೆ ಪದರ ಪದರವಾಗಿ ಹಚ್ಚಿ, ಪ್ರತಿಯೊಂದು ಪದರವೂ ಒಣಗುವವರೆಗೆ ತಾಳ್ಮೆಯಿಂದ ಕಾದು, ಕಡೆಗೆ ನುಣ್ಣಗೆ ಉಜ್ಜುವ ಕ್ರಮವೆಲ್ಲವೂ ಅದರಲ್ಲಿದೆ. ಕಸುಬಿನವರಿಗಷ್ಟೇ ಅಲ್ಲದೆ, ಮನೆಯಲ್ಲಿದ್ದ ವಸ್ತುಗಳಿಗೆ ಹೊಸ ರೂಪವನ್ನು ಕೊಡಬಯಸುವ ಕುಲೀನ ಸ್ತ್ರೀಯರಿಗೂ ಅದು ಕೈಪಿಡಿಯಾಯಿತು. ಬಿಡುವಿನ ವೇಳೆಯಲ್ಲಿ ಹಳೆಯ ಪೀಠೋಪಕರಣಕ್ಕೆ ಬಣ್ಣ ಹಚ್ಚುವುದು ಇಂದಿನ ಹೊಸ ಗೀಳೆಂದು ತಿಳಿದವರು ಈ ವರ್ಷಸಂಖ್ಯೆಯನ್ನು ಗಮನಿಸಬೇಕು. ವೆನಿಸಿನವರು ಇದಕ್ಕಿಂತಲೂ ಸುಲಭದ ದಾರಿಯನ್ನು ಹಿಡಿದರು: ಅಚ್ಚಾದ ಚಿತ್ರಗಳನ್ನು ಕತ್ತರಿಸಿ ಮರಕ್ಕೆ ಅಂಟಿಸಿ, ಬಣ್ಣ ತುಂಬಿ, ಮೇಲೆ ಹೊಳಪೆಣ್ಣೆಯನ್ನು ಹತ್ತಾರು ಸಲ ಹಚ್ಚಿಬಿಟ್ಟರು. ‘ಬಡವರ ಅರಗು’ ಎಂಬ ಅರ್ಥದ ಹೆಸರು ಅದಕ್ಕೆ ಬಂದಿತು.

ಇಂಗ್ಲೆಂಡಿನ ಪ್ರಸಿದ್ಧ ನಟ ಡೇವಿಡ್ ಗ್ಯಾರಿಕ್ಕನ ಮಲಗುವ ಕೋಣೆಯ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆನು. ಥೇಮ್ಸ್ ನದಿಯ ದಡದ ಹ್ಯಾಂಪ್ಟನ್ನಿನಲ್ಲಿ ಆತನಿಗೊಂದು ಮನೆಯಿದ್ದಿತು. ಅದರ ಮುಖ್ಯ ಶಯನಗೃಹಕ್ಕೆ 1770ರ ಸುಮಾರಿನಲ್ಲಿ ಪೀಠೋಪಕರಣಗಳನ್ನು ಮಾಡಿಕೊಟ್ಟವನು ಆ ಕಾಲದ ಮಹಾಶಿಲ್ಪಿ ಥಾಮಸ್ ಚಿಪ್ಪೆಂಡೇಲ್. ಚಿಪ್ಪೆಂಡೇಲನೆಂದರೆ ಕೆತ್ತನೆಯ ಮಹಾಗನಿಯೇ ನೆನಪಿಗೆ ಬರುವುದಷ್ಟೆ? ಆದರೆ ಇಲ್ಲಿ ಆತನು ಸಾಮಾನ್ಯ ಮರಕ್ಕೆ ಹಾಲುಬಿಳುಪಿನ ಬಣ್ಣವನ್ನು ಹಚ್ಚಿಸಿ, ಅದರ ಮೇಲೆ ಹಸುರಿನಲ್ಲಿ ಚೀನೀ ಮಾದರಿಯ ಚಿತ್ರಗಳನ್ನು ಬರೆಯಿಸಿದನು. ಮಂಚಕ್ಕೆ ಪರದೆಯಾಗಿ ಬಂದುದು ನಮ್ಮ ಮಚಲಿಪಟ್ಟಣದ ಕಡೆಯ ಚೀಟಿಬಟ್ಟೆ, ಚಾಯಬೇರಿನ ಕೆಂಪಿನದು. ಕಲ್ಕತ್ತೆಯ ಆಂಗ್ಲ ವರ್ತಕರು ತಮ್ಮ ನಾಟಕಶಾಲೆಗೆ ಗ್ಯಾರಿಕ್ಕನು ಮಾಡಿದ ಸಹಾಯಕ್ಕಾಗಿ ಅದನ್ನು ಆತನ ಹೆಂಡತಿಗೆ ಕಾಣಿಕೆಯಾಗಿ ಕಳುಹಿಸಿದ್ದರು. ಆದರೆ ಭಾರತದ ಚೀಟಿಬಟ್ಟೆಯು ತಮ್ಮ ನೇಕಾರರ ಅನ್ನವನ್ನು ಕಸಿಯುವುದೆಂದು ಇಂಗ್ಲೆಂಡಿನವರು 1700 ಮತ್ತು 1721ರ ಕಾಯಿದೆಗಳಿಂದ ಅದನ್ನು ನಿಷೇಧಿಸಿದ್ದರು. ಸುಂಕದ ಅಧಿಕಾರಿಗಳು 1775ರಲ್ಲಿ ಮಂಚದ ಬಟ್ಟೆಯನ್ನು ಹಿಡಿದುಕೊಂಡೊಯ್ದರು! ರಂಗಭೂಮಿಯ ಮೇಲೆ ಅರಸರನ್ನು ಅಳಿಸಿ ನಗಿಸಿದ ನಟನು ಒಂದು ಪರದೆಗಾಗಿ ಬೊಕ್ಕಸದ ಅಧಿಕಾರಿಗೆ ಪತ್ರ ಬರೆದು ಬೇಡಿಕೊಳ್ಳಬೇಕಾಯಿತು. ಆ ಮಂಚವೂ ಬೀರುವೂ ಬಟ್ಟೆಯೂ ಇಂದು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ. ಒಬ್ಬ ಆಂಗ್ಲನ ನಿದ್ರೆಗೆ ಚೀನಾದ ಚಿತ್ರ, ಆಂಧ್ರದ ಬಟ್ಟೆ, ವಂಗದೇಶದ ವ್ಯಾಪಾರ ಇಷ್ಟೂ ಬೇಕಾದುವು.

ಇದೇ ಅವಧಿಯಲ್ಲಿ ಬಣ್ಣದ ಮಡಕೆಯೊಳಗೆ ವಿಷವೂ ಸೇರಿತು. 1775ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆಯು ಕಂಡುಹಿಡಿದ ಹಸುರಿನಲ್ಲಿ ತಾಮ್ರದೊಡನೆ ಪಾಷಾಣವಿದ್ದಿತು; ಅದನ್ನು ಮುಂದಿನ ನೂರು ವರ್ಷ ಗೋಡೆಯ ಕಾಗದಕ್ಕೂ ಬಟ್ಟೆಗೂ ಆಟಿಕೆಗೂ ಧಾರಾಳವಾಗಿ ಬಳಸಿದರು. ಇದಕ್ಕಿಂತ ಹೆಚ್ಚು ಹರಡಿದುದು ಸೀಸದ ಬಿಳುಪು. ಅಗಸೆಯೆಣ್ಣೆಯಲ್ಲಿ ಅರೆದ ಸೀಸದ ಬಿಳುಪಿನಷ್ಟು ಚೆನ್ನಾಗಿ ಮರವನ್ನು ಮುಚ್ಚುವ, ಬಹುಕಾಲ ಬಾಳುವ ಬಣ್ಣವು ಬೇರೆ ಇಲ್ಲವೆಂದು ಬಣ್ಣಗಾರರು ಶತಮಾನಗಳ ಕಾಲ ನಂಬಿದ್ದರು. ಆ ನಂಬಿಕೆ ಸುಳ್ಳೂ ಅಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಡಬ್ಬದಲ್ಲಿ ಕಲಸಿದ ಸಿದ್ಧಬಣ್ಣವು ಅಂಗಡಿಗೆ ಬಂದ ಮೇಲೆ ಯಾರು ಬೇಕಾದರೂ ಬಣ್ಣಗಾರರಾದರು. ನಮ್ಮ ದೇಶದಲ್ಲಿ 1902ರಲ್ಲಿ ಹೌರಾದಲ್ಲಿ ಶಾಲಿಮಾರ್ ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಬಂಗಲೆಗಳಿಂದ ವಕೀಲರ ಮನೆಗಳಿಗೆ, ವಕೀಲರ ಮನೆಗಳಿಂದ ನಮ್ಮ ನಿಮ್ಮ ಮನೆಗಳಿಗೆ ಎಣ್ಣೆಬಣ್ಣವು ಇಳಿದುಬಂದಿತು. ಅದರೊಡನೆ ಹೊಸದೊಂದು ಅಭಿರುಚಿಯೂ ಬಂದಿತು: ಚಿತ್ರವಿದ್ದರೆ ಹಳ್ಳಿಯದು, ಒಂದೇ ಬಣ್ಣವಿದ್ದರೆ ನಾಗರಿಕರದು. ನಮ್ಮ ತೊಟ್ಟಿಲಿನ ನವಿಲು ಮುಳುಗಿಹೋದುದು ಈ ಅಭಿರುಚಿಯ ಅಡಿಯಲ್ಲಿಯೇ. ಬಣ್ಣ ಉಳಿಯಿತೆಂಬುದು ನೆಪ.

ಮಕ್ಕಳ ಮೈಗೆ ಸೀಸವು ಬಣ್ಣದಿಂದ ಹೋಗುವುದೆಂಬುದನ್ನು ಮೊದಲು ತೋರಿಸಿಕೊಟ್ಟವರು ಆಸ್ಟ್ರೇಲಿಯಾದ ಬ್ರಿಸ್ಬೇನಿನ ವೈದ್ಯರು. ಅಲ್ಲಿಯ ಕಣ್ಣಿನ ವೈದ್ಯ ಲಾಕ್‌ಹಾರ್ಟ್ ಗಿಬ್ಸನ್ನರು, ಚಿಕ್ಕ ಮಕ್ಕಳಿಗೆ ಕಣ್ಣು ಮಂಜಾಗಿ ಕೈಕಾಲು ಸೋಲುತ್ತಿದ್ದ ರೋಗದ ಮೂಲವನ್ನು ಅರಸಿ, ಮನೆಗಳ ಜಗುಲಿಯ ಕಂಬಿಗಳಿಗೂ ಗೋಡೆಗಳಿಗೂ ಹಚ್ಚಿದ್ದ ಬಣ್ಣವು ಬಿಸಿಲಿಗೆ ಪುಡಿಯಾಗಿ ಮಕ್ಕಳ ಕೈಗಂಟಿ ಬಾಯಿಗೆ ಹೋಗುವುದೇ ಕಾರಣವೆಂದು 1904ರಲ್ಲಿ ಬರೆದರು. ಆ ಮಾತನ್ನು ಬಹುಜನ ನಂಬಲಿಲ್ಲ. 1921ರಲ್ಲಿ ಜಿನೀವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಮನೆಯ ಒಳಭಾಗಗಳಿಗೆ ಸೀಸದ ಬಿಳುಪನ್ನು ಹಚ್ಚಬಾರದೆಂಬ ಒಡಂಬಡಿಕೆಯನ್ನು ಮಾಡಿತು; ಮರುವರ್ಷ ಬ್ರಿಸ್ಬೇನಿರುವ ಕ್ವೀನ್ಸ್‌ಲ್ಯಾಂಡ್ ಪ್ರಾಂತದಲ್ಲಿ ಮಕ್ಕಳ ಕೈಗೆಟುಕುವೆಡೆಗಳಲ್ಲಿ ಸೀಸದ ಬಣ್ಣಕ್ಕೆ ಕಾಯಿದೆಯ ತಡೆ ಬಂದಿತು. ಅಮೆರಿಕದವರು ಮನೆಬಳಕೆಯ ಸೀಸದ ಬಣ್ಣವನ್ನು ನಿಷೇಧಿಸಿದುದು 1978ರಲ್ಲಿ. ನಮ್ಮ ಸರಕಾರದ ನಿಯಮವು 2016ರಲ್ಲಿ ಪ್ರಕಟವಾಗಿ 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದರಂತೆ ಮನೆಗೆ ಬಳಸುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದು. ಗಿಬ್ಸನ್ನರ ಲೇಖನಕ್ಕೂ ಈ ನಿಯಮಕ್ಕೂ ನಡುವೆ 112 ವರ್ಷಗಳು. ಈ ನಡುಗಾಲದಲ್ಲಿ ಎಷ್ಟು ತೊಟ್ಟಿಲುಗಳಿಗೆ ಎಷ್ಟು ಬಣ್ಣ ಬಳಿಯಲಾಯಿತೋ, ಹಲ್ಲು ಬರುವ ಕಾಲದಲ್ಲಿ ಎಷ್ಟು ಕೂಸುಗಳು ಅದರ ಅಂಚನ್ನು ಕಚ್ಚಿದುವೋ!

ಬಣ್ಣ ಬಳಿಯುವುದೆಲ್ಲವೂ ತಪ್ಪೆಂದು ನಾನು ಹೇಳುತ್ತಿರುವೆನೆಂದು ವಾಚಕರು ತಿಳಿಯಬಾರದು. 1916ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಚಾರ್ಲ್‌ಸ್ಟನ್ ಎಂಬ ಹೊಲದ ಮನೆಗೆ ಬಂದು ನೆಲೆಸಿದ ಚಿತ್ರಕಾರರಾದ ವನೆಸ್ಸಾ ಬೆಲ್ ಮತ್ತು ಡಂಕನ್ ಗ್ರಾಂಟರು, ಅಗ್ಗಕ್ಕೆ ಕೊಂಡ ಹಳೆಯ ಮಂಚ ಬೀರು ಪೆಟ್ಟಿಗೆಗಳ ಮೇಲೆಲ್ಲ ಚಿತ್ರ ಬರೆದು ಆ ಮನೆಯನ್ನೇ ಒಂದು ಕೃತಿಯನ್ನಾಗಿ ಮಾಡಿದರು. ಹೆಸರಿಲ್ಲದ ಮರಕ್ಕೆ ಅವರು ಹೆಸರು ಕೊಟ್ಟರು. ಯಾರ ಚಿತ್ರವನ್ನೂ ಅಳಿಸಲಿಲ್ಲ. ಇದಕ್ಕೆ ವಿರುದ್ಧವಾದ ಇನ್ನೊಂದು ಹುಚ್ಚು 1960-70ರ ದಶಕಗಳಲ್ಲಿ ಅದೇ ದೇಶದಲ್ಲಿ ಹಬ್ಬಿತು. ಹಿಂದಿನವರು ಬಣ್ಣ ಹಚ್ಚುವುದಕ್ಕೆಂದೇ ಮಾಡಿದ ಪೈನ್ ಮರದ ಬೀರು ಮಂಚಗಳನ್ನು ಕಾಸ್ಟಿಕ್ ಸೋಡಾದ ತೊಟ್ಟಿಗಳಲ್ಲಿ ಅದ್ದಿ, ಬಣ್ಣವನ್ನೆಲ್ಲ ಸುಲಿದು, ಬೆತ್ತಲೆ ಮರವನ್ನೇ ಪ್ರಾಚೀನವೆಂದು ಮಾರಿದರು. ಆಲ್ಪ್ಸ್ ಪರ್ವತದ ತಪ್ಪಲಿನ ರೈತರು ಮದುಮಗಳ ಹೆಸರನ್ನೂ ಮದುವೆಯ ವರ್ಷವನ್ನೂ ಬರೆಯಿಸಿದ್ದ ಬೀರುಗಳ ಮೇಲೆಯೂ ಮೊಮ್ಮಕ್ಕಳು ಕಂದುಬಣ್ಣವನ್ನು ಬಳಿದರು, ಮರಿಮಕ್ಕಳು ಅದನ್ನು ಸುಲಿದರು; ಎರಡನೆಯ ಸಲ ಸುಲಿಯುವಾಗ ಮದುಮಗಳ ಹೆಸರೂ ಹೋಯಿತು.

ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಗಳ ಸಂಗತಿಯೂ ಇಲ್ಲಿ ನೆನಪಿಗೆ ಬರುವುದು. 1784ರಲ್ಲಿ ಕಟ್ಟಿದ ಆ ಅರಮನೆಯಲ್ಲಿ ಪೊಳ್ಳಿಲೂರು ಯುದ್ಧದ ಚಿತ್ರವು ಕೆಟ್ಟಿದ್ದುದನ್ನು ಕರ್ನಲ್ ವೆಲ್ಲೆಸ್ಲಿಯು ಅಲ್ಲಿ ವಾಸವಾಗಿದ್ದಾಗ ಮತ್ತೆ ಬರೆಯಿಸಿದನು. ಅದೂ ಮಾಸಲು 1855ರಲ್ಲಿ ಲಾರ್ಡ್ ಡಾಲ್‌ಹೌಸಿಯು ಇನ್ನೊಮ್ಮೆ ಬರೆಯಿಸಿದನು. ಸೋತ ಕಥೆಯನ್ನು ಸೋತವರೇ ಎರಡು ಸಲ ಹೊಸ ಬಣ್ಣದಲ್ಲಿ ಉಳಿಸಿದರೆಂಬುದು ಆಶ್ಚರ್ಯವಲ್ಲವೆ? ಅಲ್ಲಿ ಹೊಸ ಬಣ್ಣವು ಹಳೆಯ ಗೆರೆಯನ್ನು ಹಿಂಬಾಲಿಸಿತು. ನಮ್ಮ ತೊಟ್ಟಿಲಿನಲ್ಲಿ ಅದನ್ನು ಹೂಳಿತು.

ಇನ್ನು ಹೂತುದನ್ನು ತೆಗೆಯುವ ಬಗೆ ಹೇಗೆ? ಮಕ್ಕಳು ಕೇಳಿದ ಪ್ರಶ್ನೆ ಇದೇ. ಇದರಲ್ಲಿ ದೊಡ್ಡ ತೊಡಕಿದೆ. ಅರಗು ಮದ್ಯಸಾರದಲ್ಲಿ ಕರಗುವುದು, ಕ್ಷಾರದಲ್ಲಿಯೂ ಕರಗುವುದು. ಟರ್ಪಂಟೈನಿಗೆ, ಸೀಮೆಯೆಣ್ಣೆಗೆ ಅಲುಗದು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಗಟ್ಟಿಯಾದ ಎಣ್ಣೆಬಣ್ಣವೂ ಟರ್ಪಂಟೈನಿಗೆ ಅಲುಗದು. ಅದನ್ನು ಸಡಿಲಿಸುವ ಕಾಸ್ಟಿಕ್ಕಾಗಲಿ ಅಂಗಡಿಯಲ್ಲಿ ಮಾರುವ ಬಣ್ಣತೆಗೆಯುವ ಮದ್ದಾಗಲಿ ಕೆಳಗಿನ ಅರಗನ್ನೂ ಬಿಡುವುದಿಲ್ಲ; ಶತ್ರುವಿನೊಡನೆ ಸೆರೆಯಾಳನ್ನೂ ಕೊಲ್ಲುವುದು. ಬೆಂಕಿಯ ಬಿಸಿಯನ್ನು ತೋರಿದರೆ ಅರಗೇ ಮೊದಲು ಮೆತ್ತಗಾಗುವುದು. ಸೀಸವಿದ್ದರೆ ಹೊಗೆಯೂ ವಿಷ. ಉಜ್ಜುಕಾಗದದಿಂದ ಒಣಗಿದ್ದಂತೆಯೇ ಉಜ್ಜಿದರೆ ಸೀಸದ ಧೂಳು ಮನೆಯೆಲ್ಲ ತುಂಬುವುದು, ಅದೂ ಬಾಣಂತಿಯಿರುವ ಮನೆಯಲ್ಲಿ. ಉಳಿದುದು ಒಂದೇ ದಾರಿ: ಸಣ್ಣ ಅಲಗಿನಿಂದ, ತೇವಮಾಡಿಕೊಂಡು, ಚಕ್ಕೆ ಚಕ್ಕೆಯಾಗಿ ಎಬ್ಬಿಸುವುದು. ಪುಣ್ಯವಶಾತ್ ಅರಗಿನ ನುಣುಪಿನ ಮೇಲೆ ಎಣ್ಣೆಬಣ್ಣವು ಗಟ್ಟಿಯಾಗಿ ಹಿಡಿದಿಲ್ಲ. ಬಳಿಯುವ ಮೊದಲು ಚೆನ್ನಾಗಿ ಉಜ್ಜಿಕೊಳ್ಳದ ಆ ಬಣ್ಣಗಾರನ ಸೋಮಾರಿತನಕ್ಕೆ ನಾವು ಇಂದು ಕೃತಜ್ಞರಾಗಿರಬೇಕಾಗಿದೆ.

ತೊಟ್ಟಿಲಿನಿಂದ ಬಿದ್ದ ಒಂದು ಚಕ್ಕೆಯನ್ನು ಪ್ರಯೋಗಶಾಲೆಗೆ ಕಳುಹಿಸಿದೆನು. ಸೀಸವಿದೆಯೆಂದು ಉತ್ತರ ಬಂದಿತು. ಈಗಿನ ಮಿತಿಗಿಂತ ಎಷ್ಟೋ ಪಾಲು ಹೆಚ್ಚು. ಆ ಕಾಗದವನ್ನು ಓದಿದಾಗ, ನಾನೂ ನನ್ನ ತಮ್ಮಂದಿರೂ ಇದೇ ಹಸುರಿನ ಅಂಚನ್ನು ಹಿಡಿದು ಎದ್ದುನಿಂತವರೆಂಬುದು ನೆನಪಿಗೆ ಬಂದಿತು. ಈ ಮಗುವನ್ನು ಅದರಲ್ಲಿ ಮಲಗಿಸುವ ಮಾತು ಅಲ್ಲಿಗೇ ನಿಂತಿತು. ಬಿಳಿಯ ಬಣ್ಣವನ್ನು ಮೇಲೆ ಹಚ್ಚಿಬಿಟ್ಟರೆ ಸೀಸವು ಮುಚ್ಚಿಹೋಗುವುದಲ್ಲವೆ ಎಂದು ಒಬ್ಬರು ಕೇಳಿದರು. ಮುಚ್ಚಿಹೋಗುವುದು, ಮಗುವಿಗೆ ಹಲ್ಲು ಬರುವವರೆಗೆ.

ನಾಮಕರಣವು ಅಜ್ಜಿಯ ಹಳೆಯ ಇಲಕಲ್ಲ ಸೀರೆಯನ್ನು ತೊಲೆಗೆ ಕಟ್ಟಿ ಮಾಡಿದ ಜೋಲಿಯಲ್ಲಿ ನಡೆಯಿತು. ಹಾಡಿದವರು ಕಲಘಟಗಿಯ ತೊಟ್ಟಿಲನ್ನೇ ಹೆಸರಿಸಿ ಹಾಡಿದರು. ತೊಟ್ಟಿಲು ಮಾತ್ರ ಹಿಂದಿನ ಪಡಸಾಲೆಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಬಟ್ಟೆ ಹೊದ್ದು ನಿಂತಿದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಒದ್ದೆ ಅರಿವೆಯನ್ನು ಪಕ್ಕದಲ್ಲಿಟ್ಟುಕೊಂಡು, ದಿನಕ್ಕೆ ಒಂದು ಗಂಟೆ ನಾನು ಅದರ ಮುಂದೆ ಕುಳಿತಿರುವೆನು; ಬಿದ್ದ ಚಕ್ಕೆಗಳನ್ನು ಡಬ್ಬದಲ್ಲಿ ಕೂಡಿಡುವೆನು. ಮೂರು ತಿಂಗಳಲ್ಲಿ ಒಂದು ಹಲಗೆಯ ಅರ್ಧದಷ್ಟು ಹೊರಬಂದಿದೆ. ನವಿಲು ಒಂದಲ್ಲ, ಎರಡು. ನಡುವೆ ಒಂದು ರಥದ ಚಕ್ರ. ರಥದಲ್ಲಿ ಕುಳಿತವರು ಯಾರೆಂಬುದು ಇನ್ನೂ ಹಸುರಿನೊಳಗಿದೆ. ಪಾರ್ಥಸಾರಥಿಯಿರಬೇಕೆಂದು ನನ್ನ ಊಹೆ, ಸೀತಾರಾಮರೇ ಸರಿಯೆಂದು ಮನೆಯವಳ ವಾದ.